ಆಟ ಮೂರು ವಾರ, ಒಲೆ ಹನ್ನೆರಡು ತಿಂಗಳು

ಬೆಂಗಳೂರಿನ ಹೆಸರು ಹೊತ್ತು ಕಣಕ್ಕಿಳಿದ ತಂಡಗಳನ್ನು ಎಣಿಸುತ್ತ ಹೋದರೆ ಎರಡು ಕೈಗಳ ಬೆರಳು ಸಾಲುವುದಿಲ್ಲ. ಕ್ರಿಕೆಟ್ಟಿನ ರಾಯಲ್ ಚಾಲೆಂಜರ್ಸ್, ಫುಟ್ಬಾಲಿನ ಬೆಂಗಳೂರು ಎಫ್‌ಸಿ, ಕಬಡ್ಡಿಯ ಬುಲ್ಸ್, ವಾಲಿಬಾಲಿನ ಟಾರ್ಪಿಡೋಸ್ ಉಳಿದುಕೊಂಡವು. ಹಾಕಿಯ ಹೈ-ಫ್ಲೈಯರ್ಸ್ ಮತ್ತು ಕರ್ನಾಟಕ ಲಯನ್ಸ್, ಬ್ಯಾಡ್ಮಿಂಟನ್ನಿನ ಬಂಗಾ ಬೀಟ್ಸ್ ಮತ್ತು ರಾಪ್ಟರ್ಸ್, ಬಾಸ್ಕೆಟ್‌ಬಾಲಿನ ಬೀಸ್ಟ್, ಕುಸ್ತಿಯ ಯೋಧಾಸ್, ಬಾಕ್ಸಿಂಗಿನ ಬ್ರಾಲರ್ಸ್, ಇನ್ನೊಂದು ಕಬಡ್ಡಿ ಲೀಗಿನ ರೈನೋಸ್ ಬಂದಂತೆಯೇ ಹೋದವು. ಈ ಹೆಸರುಗಳನ್ನು ನಾವು ಆರ್.ಟಿ. ನಗರದ ನಮ್ಮ ಓಣಿಯ ಹುಡುಗರ ಮುಂದೆ ಒಂದೊಂದಾಗಿ ಓದಿ ನೋಡಿದೆವು. ಮೊದಲ ಮೂರು ಎಲ್ಲರಿಗೂ ಗೊತ್ತಿತ್ತು. ನಾಲ್ಕನೆಯದು ಒಬ್ಬನಿಗೆ ಗೊತ್ತಿತ್ತು. ಉಳಿದವನ್ನು ಕೇಳಿ ಒಬ್ಬ, ‘ಇವೆಲ್ಲ ಗಾಡಿ ಹೆಸರಾ ಅಂಕಲ್?’ ಎಂದ.

ಹೊಸ ಕ್ರೀಡಾ ಲೀಗುಗಳು ಈ ಕಿಕ್ಕಿರಿದ ಪೇಟೆಯಲ್ಲಿ ಬದುಕಿ ಉಳಿಯುತ್ತವೆಯೇ ಎಂಬ ಚರ್ಚೆ ಶುರುವಾದರೆ ಮಾತು ಪೇಟೆಯ ಭಾಷೆಯಲ್ಲೇ ಸಾಗುತ್ತದೆ. ಎಷ್ಟು ಕೋಟಿ ಜನ ನೋಡಿದರು, ಯಾವ ವಾಹಿನಿ ಹಕ್ಕು ಕೊಂಡಿತು, ಆಟಗಾರನ ಎದೆಯ ಮೇಲೆ ಯಾವ ಕಂಪನಿಯ ಹೆಸರಿದೆ, ಇಷ್ಟೇ. ಈ ಲೆಕ್ಕ ಬೇಡವೆಂದು ನಾವು ಹೇಳುವುದಿಲ್ಲ. ಆದರೆ ಯಶವಂತಪುರದ ಮಾರುಕಟ್ಟೆಯಲ್ಲಿ ಈರುಳ್ಳಿಯ ದರ ವಿಚಾರಿಸುವವರು ಬೆಳೆದವನ ಮನೆಯ ಸಮಾಚಾರ ವಿಚಾರಿಸುವುದಿಲ್ಲ, ಇಲ್ಲಿಯೂ ಹಾಗೆಯೇ. ಲೀಗ್ ಬಾಗಿಲು ಹಾಕಿದ ಮಾರನೆಯ ದಿನ ಅದರಲ್ಲಿ ಆಡುತ್ತಿದ್ದ ಹುಡುಗ ಎಲ್ಲಿಗೆ ಹೋಗುತ್ತಾನೆ? ಲೀಗಿನ ಆಯಸ್ಸನ್ನು ಅಳೆಯಲು ಇದಕ್ಕಿಂತ ಸರಿಯಾದ ಕೋಲು ನಮಗೆ ಕಾಣುವುದಿಲ್ಲ.

ಮೊದಲು ಹಾಕಿಯ ಕಥೆ. 2005ರಲ್ಲಿ ಪ್ರೀಮಿಯರ್ ಹಾಕಿ ಲೀಗ್ ಶುರುವಾದಾಗ ಐಪಿಎಲ್ ಇನ್ನೂ ಹುಟ್ಟಿರಲಿಲ್ಲ ಎಂಬುದನ್ನು ಈಗಿನವರು ನಂಬುವುದು ಕಷ್ಟ. ಲೀಗ್ ಎಂಬ ಮಾದರಿಯನ್ನು ಕ್ರಿಕೆಟ್ಟಿಗಿಂತ ಮೂರು ವರ್ಷ ಮೊದಲೇ ಟಿ.ವಿ. ಪರದೆಗೆ ತಂದದ್ದು ಹಾಕಿ. 2008ರಲ್ಲಿ ಅದು ನಿಂತಿತು. ಆ ವರ್ಷ ಭಾರತೀಯ ಹಾಕಿ ಒಕ್ಕೂಟವೇ ಅಮಾನತಾಯಿತು. ಮನೆಯ ಯಜಮಾನನೇ ಇಲ್ಲದ ಮೇಲೆ ಹಬ್ಬ ಮಾಡುವವರು ಯಾರು? 2012ರಲ್ಲಿ ವರ್ಲ್ಡ್ ಸೀರೀಸ್ ಹಾಕಿ ಬಂತು. ಅರ್ಜುನ್ ಹಾಲಪ್ಪ ಅವರ ನಾಯಕತ್ವದಲ್ಲಿ ಕರ್ನಾಟಕ ಲಯನ್ಸ್ ತಂಡ ಆಡಿತು. ಹಳೆಯ ಒಕ್ಕೂಟ ಒಂದು ಕಡೆ, ಹೊಸ ಹಾಕಿ ಇಂಡಿಯಾ ಇನ್ನೊಂದು ಕಡೆ. ಇಬ್ಬರ ಜಗಳದ ನಡುವೆ ಆ ಲೀಗ್ ಒಂದೇ ವರ್ಷಕ್ಕೆ ಮುಗಿಯಿತು. ಆಮೇಲೆ 2013ರಿಂದ 2017ರವರೆಗೆ ಹಾಕಿ ಇಂಡಿಯಾ ಲೀಗ್ ನಡೆಯಿತು, 2024ರ ಕೊನೆಯಲ್ಲಿ ಅದಕ್ಕೆ ಮರುಜೀವ ಬಂತು. ಈ ಎರಡು ಸಲವೂ ಬೆಂಗಳೂರಿಗೆ ತಂಡವಿರಲಿಲ್ಲ. ದೇಶದ ತಂಡ ವರ್ಷದ ಬಹುಭಾಗ ಶಿಬಿರ ಹೂಡುವುದು ಬೆಂಗಳೂರಿನ ಕ್ರೀಡಾ ಪ್ರಾಧಿಕಾರದ ಆವರಣದಲ್ಲಿ. ಕೊಡಗಿನ ಹುಡುಗರು ಕೋಲು ಹಿಡಿದು ಮೊದಲು ಬಸ್ಸಿಳಿಯುವುದೂ ಈ ಊರಿನಲ್ಲಿ. ಆದರೂ ತಂಡ ಕೊಳ್ಳುವ ಧಣಿ ಸಿಗಲಿಲ್ಲವೆಂದರೆ ಈ ಊರಿಗೆ ಹಾಕಿ ಲೀಗ್ ಇಲ್ಲ! ಆಟ ಇರುವ ಊರು ಒಂದು, ಹಣ ಇರುವ ಊರು ಇನ್ನೊಂದು.

ಇನ್ನು ಪೇಟೆಯ ದೊಡ್ಡ ಅಂಗಡಿಯ ಮಾತು. 2008ರ ಏಪ್ರಿಲ್ 18ರಂದು ಐಪಿಎಲ್ಲಿನ ಮೊತ್ತಮೊದಲ ಪಂದ್ಯ ನಡೆದದ್ದು ನಮ್ಮ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ. 2023ರಿಂದ 2027ರವರೆಗಿನ ಐದು ವರ್ಷಗಳ ಪ್ರಸಾರ ಹಕ್ಕು 48,390 ಕೋಟಿ ರೂಪಾಯಿಗೆ ಹೋಯಿತು. ವಾಹಿನಿಗಳು ಇಷ್ಟು ದುಡ್ಡನ್ನು ಒಂದೇ ಕಡೆ ಸುರಿದ ಮೇಲೆ ಉಳಿದ ಆಟಗಳಿಗೆ ಜೇಬಿನಲ್ಲಿ ಏನು ಮಿಕ್ಕೀತು? ಸಾಲದ್ದಕ್ಕೆ ಹಕ್ಕು ಕೊಳ್ಳಲು ಪೈಪೋಟಿ ನಡೆಸುತ್ತಿದ್ದ ಎರಡು ದೊಡ್ಡ ಸಂಸ್ಥೆಗಳು, ಸ್ಟಾರ್ ಮತ್ತು ವಯಾಕಾಮ್ 18, 2024ರ ನವೆಂಬರಿನಲ್ಲಿ ಒಂದಾದವು. ಸಂತೆಯಲ್ಲಿ ಕೊಳ್ಳುವವನು ಒಬ್ಬನೇ ಆದರೆ ಮಾರುವವನ ಗತಿ ಏನೆಂದು ನಮ್ಮ ರೈತರಿಗೆ ಯಾರೂ ಕಲಿಸಬೇಕಾಗಿಲ್ಲ.

ಇನ್ನೊಂದು ತೊರೆಯೂ ಬತ್ತಿತು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳ ಕಂಪನಿಗಳು ಸುಮಾರು ಹತ್ತು ವರ್ಷ ಕ್ರೀಡೆಗಳಿಗೆ ಪ್ರಾಯೋಜಕರಾಗಿ ಕೋಟಿಗಟ್ಟಲೆ ಹರಿಸಿದವು. 2025ರ ಆಗಸ್ಟಿನಲ್ಲಿ ಸಂಸತ್ತು ಅಂಥ ಆಟಗಳನ್ನು ನಿಷೇಧಿಸಿತು. ಭಾರತ ಕ್ರಿಕೆಟ್ ತಂಡದ ಅಂಗಿಯ ಮೇಲಿದ್ದ ಡ್ರೀಮ್ ಇಲೆವೆನ್ ಹೆಸರೇ ಮಾಯವಾಯಿತು. ಕ್ರಿಕೆಟ್ಟಿಗೆ ಬೇರೆ ಪ್ರಾಯೋಜಕರು ಸಿಕ್ಕರು. ಸಣ್ಣ ಲೀಗುಗಳಿಗೆ ಅದು ಅಷ್ಟು ಸುಲಭವಲ್ಲ. ಜೂಜಿನ ದುಡ್ಡಿಗೆ ಬರಕತ್ತಿಲ್ಲ ಎನ್ನುವುದು ನಮ್ಮ ಹಿರಿಯರ ಮಾತು. ಅದನ್ನು ಧರ್ಮದ ಮಾತೆಂದು ಬದಿಗಿಟ್ಟವರೂ ಈಗ ವ್ಯಾಪಾರದ ಮಾತೆಂದು ಒಪ್ಪಬಹುದು. ಕರ್ನಾಟಕ ಪ್ರೀಮಿಯರ್ ಲೀಗಿನ ನೆನಪು ಎಲ್ಲರಿಗೂ ಇದೆ. 2009ರಲ್ಲಿ ಹುಟ್ಟಿ, ನಡುವೆ ನಿಂತು, ಮತ್ತೆ ಎದ್ದ ಅದು 2019ರಲ್ಲಿ ಬೆಟ್ಟಿಂಗ್ ಮತ್ತು ಫಿಕ್ಸಿಂಗ್ ಹಗರಣದಲ್ಲಿ ಮುಳುಗಿತು. ಆಟಗಾರರು, ಒಂದು ತಂಡದ ಮಾಲೀಕರು ಪೊಲೀಸರ ಕೈಗೆ ಸಿಕ್ಕರು. 2022ರಲ್ಲಿ ಅದೇ ಜಾಗಕ್ಕೆ ಮಹಾರಾಜ ಟ್ರೋಫಿ ಎಂಬ ಹೊಸ ಹೆಸರಿನ ಟೂರ್ನಿ ಬಂತು. ಕ್ರಿಕೆಟ್ಟಿನ ಲೀಗೇ ಹೀಗೆ ಬಿದ್ದು ಏಳಬೇಕಾದರೆ ಬೇರೆಯವರ ಪಾಡೇನು?

ಬ್ಯಾಡ್ಮಿಂಟನ್ ನಮ್ಮ ಉತ್ತರ ಬೆಂಗಳೂರಿನವರಿಗೆ ಹತ್ತಿರದ ಆಟ. ಪ್ರಕಾಶ್ ಪಡುಕೋಣೆಯವರು ಬಾಲ್ಯದಲ್ಲಿ ಆಡಿ ಕಲಿತದ್ದು ಮಲ್ಲೇಶ್ವರದ ಕೆನರಾ ಯೂನಿಯನ್ನಿನ ಕಲ್ಯಾಣ ಮಂಟಪದಲ್ಲಿ. ಮದುವೆ ಇದ್ದ ದಿನ ಆಟವಿಲ್ಲ. ಅಲ್ಲಿಂದ ಹೊರಟವರು 1980ರಲ್ಲಿ ಆಲ್ ಇಂಗ್ಲೆಂಡ್ ಗೆದ್ದರು. ಈಗ ಯಲಹಂಕದ ಆಚೆ ಅವರ ಮತ್ತು ರಾಹುಲ್ ದ್ರಾವಿಡ್ ಅವರ ಹೆಸರಿನ ದೊಡ್ಡ ಕ್ರೀಡಾಕೇಂದ್ರವೇ ಇದೆ. ಲಕ್ಷ್ಯ ಸೇನ್ ಅಂಥವರು ಅಲ್ಲಿ ಬೆವರು ಹರಿಸುತ್ತಾರೆ. ಇಷ್ಟು ಬೇರು ಇರುವ ಊರಿನ ರಾಪ್ಟರ್ಸ್ ತಂಡ 2019ರ ಜನವರಿಯಲ್ಲಿ ಕಂಠೀರವ ಒಳಾಂಗಣದಲ್ಲೇ ಮುಂಬೈಯನ್ನು ಸೋಲಿಸಿ ಪ್ರೀಮಿಯರ್ ಬ್ಯಾಡ್ಮಿಂಟನ್ ಲೀಗ್ ಗೆದ್ದಿತು. 2020ರ ಫೆಬ್ರವರಿಯಲ್ಲಿ ಹೈದರಾಬಾದಿನಲ್ಲಿ ಮತ್ತೆ ಗೆದ್ದು, ಪ್ರಶಸ್ತಿ ಉಳಿಸಿಕೊಂಡ ಮೊದಲ ತಂಡವೆನಿಸಿತು. ಅದರ ಮುಂದಿನ ತಿಂಗಳು ಕೊರೋನಾ ಬಂತು. ಕೊರೋನಾ ಹೋಯಿತು, ಲೀಗ್ ಮಾತ್ರ ಮರಳಲಿಲ್ಲ. ಆದರೆ ಗಮನಿಸಬೇಕಾದ ಸಂಗತಿ ಒಂದಿದೆ. ಲೀಗ್ ಇಲ್ಲವೆಂದು ಯಲಹಂಕದ ಅಂಕಣಗಳಲ್ಲಿ ಆಟ ನಿಲ್ಲಲಿಲ್ಲ. ಬೆಳಿಗ್ಗೆ ಐದೂವರೆಗೆ ಮಕ್ಕಳನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೋಗುವ ತಂದೆತಾಯಿಗಳನ್ನು ನಾವು ಈಗಲೂ ಹೆಬ್ಬಾಳದ ಮೇಲುಸೇತುವೆಯ ಮೇಲೆ ನೋಡುತ್ತೇವೆ. ಬ್ಯಾಡ್ಮಿಂಟನ್ನಿಗೆ ಲೀಗ್ ಒಂದು ಜರಿಯ ಅಂಚು; ಸೀರೆ ಬೇರೆಯೇ ಇತ್ತು.

ಹಾಗಾದರೆ ಕಬಡ್ಡಿ ಹೇಗೆ ಉಳಿಯಿತು? 2014ರ ಜುಲೈಯಲ್ಲಿ ಪ್ರೊ ಕಬಡ್ಡಿ ಶುರುವಾದಾಗ ಅದನ್ನು ಹಳ್ಳಿಯ ಆಟಕ್ಕೆ ಬಣ್ಣ ಬಳಿಯುವ ಹುಚ್ಚು ಎಂದವರೇ ಹೆಚ್ಚು. ಮೊದಲ ವರ್ಷವೇ 43.5 ಕೋಟಿ ಜನ ನೋಡಿದರೆಂಬ ಲೆಕ್ಕ ಬಂದಾಗ ಎಲ್ಲರೂ ಬಾಯಿ ಮುಚ್ಚಿದರು. ಮೂವತ್ತು ಸೆಕೆಂಡಿನ ದಾಳಿ, ಟಿ.ವಿ.ಗೆ ಹೇಳಿ ಮಾಡಿಸಿದ ಚಿಕ್ಕ ಅಂಕಣ, ಲೀಗಿನಲ್ಲಿ ಪ್ರಸಾರಕರದೇ ಪಾಲು, ಇವೆಲ್ಲ ಕಾರಣಗಳೇ. 2019ರ ಜನವರಿ 5ರಂದು ಬುಲ್ಸ್ ಗುಜರಾತನ್ನು 38-33ರಿಂದ ಮಣಿಸಿದ ರಾತ್ರಿ, ಪವನ್ ಸೆಹ್ರಾವತ್ ಒಬ್ಬರೇ 22 ಅಂಕ ತಂದಾಗ, ನಮ್ಮ ಓಣಿಯಲ್ಲೂ ಪಟಾಕಿ ಹೊಡೆದರು. ಆದರೆ ಯಾರೂ ಎತ್ತಿ ಆಡದ ಇನ್ನೊಂದು ಕಾರಣವಿದೆ. ಪ್ರೊ ಕಬಡ್ಡಿಯಲ್ಲಿ ಮಿಂಚುವ ಎಷ್ಟೋ ಆಟಗಾರರು ರೈಲ್ವೆಯ, ಸೈನ್ಯದ, ಪೊಲೀಸ್ ಇಲಾಖೆಯ, ಸರಕಾರಿ ಸಂಸ್ಥೆಗಳ ನೌಕರರು. ಲೀಗ್ ಅವರಿಗೆ ಎರಡು-ಮೂರು ತಿಂಗಳ ಹಣ ಕೊಟ್ಟರೆ ಸಾಕು, ಉಳಿದ ತಿಂಗಳುಗಳ ಅಕ್ಕಿಬೇಳೆಯನ್ನು ನೌಕರಿ ನೋಡಿಕೊಳ್ಳುತ್ತದೆ. ಖಾಸಗಿ ಲೀಗಿನ ಈ ಗೋಪುರ ನಿಂತಿರುವುದು ಸರಕಾರಿ ನೌಕರಿಯ ತಳಪಾಯದ ಮೇಲೆ.

ಈ ತಳಪಾಯವನ್ನು ನಾವು ಚಿಕ್ಕಂದಿನಲ್ಲಿ ಕಣ್ಣಾರೆ ಕಂಡಿದ್ದೇವೆ. ನಮ್ಮ ಹಿಂದಿನ ಬೀದಿಯಲ್ಲಿ ಒಬ್ಬ ಚಾಚಾ ಇದ್ದರು. ಜಾಲಹಳ್ಳಿಯ ಒಂದು ಸಾರ್ವಜನಿಕ ಕಾರ್ಖಾನೆಗೆ ಅವರು ಸೇರಿದ್ದು ಫುಟ್ಬಾಲ್ ಕಾಲಿನಿಂದ. ಬೆಳಿಗ್ಗೆ ಯಂತ್ರದ ಮುಂದೆ, ಸಂಜೆ ಮೈದಾನದಲ್ಲಿ. ಬೆಂಗಳೂರಿನ ಲೀಗಿನಲ್ಲಿ ಐಟಿಐ, ಎಚ್‌ಎಎಲ್ ತಂಡಗಳ ಪಂದ್ಯವಿದ್ದರೆ ಶಾಮಿಯಾನ ಹಾಕಿದ ಮದುವೆಯಂತೆ ಜನ ಸೇರುತ್ತಿದ್ದರು ಎಂದು ಅವರು ಹೇಳುತ್ತಿದ್ದರು. ಮೂವತ್ತೆರಡಕ್ಕೆ ಮೊಣಕಾಲು ಹೋಯಿತು, ನೌಕರಿ ಹೋಗಲಿಲ್ಲ. ಐವತ್ತೆಂಟಕ್ಕೆ ನಿವೃತ್ತಿಯಾಗಿ, ಮೂವರು ಹೆಣ್ಣುಮಕ್ಕಳ ಮದುವೆ ಮಾಡಿ, ಭವಿಷ್ಯನಿಧಿಯಲ್ಲಿ ಮನೆಗೆ ಮಹಡಿ ಕಟ್ಟಿದರು. ಅವರನ್ನು ಯಾರೂ ಹರಾಜಿನಲ್ಲಿ ಕೂಗಲಿಲ್ಲ, ಟಿ.ವಿ.ಯಲ್ಲಿ ಅವರ ಮುಖ ಬರಲಿಲ್ಲ. ಆದರೆ ಆಟ ಅವರನ್ನು ಕೈಬಿಡಲಿಲ್ಲ. ಆ ಕಾರ್ಖಾನೆಗಳ ಕಾಲ ಮುಗಿಯುತ್ತ ಬಂತು. ಎಚ್‌ಎಂಟಿ ಕೈಗಡಿಯಾರದ ಕಂಪನಿಗೆ 2016ರಲ್ಲಿ ಕೇಂದ್ರ ಸರಕಾರವೇ ಬೀಗ ಹಾಕಲು ತೀರ್ಮಾನಿಸಿತು. ಕಾರ್ಖಾನೆಯ ತಂಡಗಳು ಕರಗಿದ ಜಾಗಕ್ಕೆ ಲೀಗುಗಳು ಬಂದವು. ಹಣ ಹೆಚ್ಚಾಯಿತು, ಅವಧಿ ಕಡಿಮೆಯಾಯಿತು.

ನೌಕರಿಯ ಆಸರೆ ಇಲ್ಲದ ಆಟಗಾರನ ಕಥೆ ಏನಾಗುತ್ತದೆಂದು 2025ರಲ್ಲಿ ಫುಟ್ಬಾಲ್ ತೋರಿಸಿತು. ಬೆಂಗಳೂರು ಎಫ್‌ಸಿ 2013ರಲ್ಲಿ ಹುಟ್ಟಿ ಮೊದಲ ವರ್ಷವೇ ಐ-ಲೀಗ್ ಗೆದ್ದ ತಂಡ. 2016ರಲ್ಲಿ ಎಎಫ್‌ಸಿ ಕಪ್ ಫೈನಲ್ ತಲುಪಿತು, 2019ರಲ್ಲಿ ಐಎಸ್‌ಎಲ್ ಗೆದ್ದಿತು. ಅಭಿಮಾನಿಗಳು ಕಂಠೀರವದ ಒಂದು ಮೂಲೆಯನ್ನೇ ಮನೆ ಮಾಡಿಕೊಂಡರು. ಇಷ್ಟು ಗಟ್ಟಿಯಾಗಿ ನಿಂತ ತಂಡ ಬೇರೊಂದು ಕಾಣುವುದಿಲ್ಲ. 2025ರ ಜುಲೈಯಲ್ಲಿ ಫುಟ್ಬಾಲ್ ಒಕ್ಕೂಟಕ್ಕೂ ಲೀಗ್ ನಡೆಸುವ ಕಂಪನಿಗೂ ಇದ್ದ ಒಪ್ಪಂದ ಮುಗಿಯುತ್ತ ಬಂತೆಂದು ಐಎಸ್‌ಎಲ್ ತಡೆಹಿಡಿಯಲಾಯಿತು. ಆಗಸ್ಟಿನಲ್ಲಿ ಬೆಂಗಳೂರು ಎಫ್‌ಸಿ ತನ್ನ ಮುಖ್ಯ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲಕ್ಕೆ ನಿಲ್ಲಿಸಿತು. ಕಿರಿಯರ ತಂಡಗಳು, ಮಕ್ಕಳ ಶಾಲೆಗಳು ಮುಂದುವರಿಯುತ್ತವೆ ಎಂದಿತು. ಅದೇ ಆಗಸ್ಟಿನಲ್ಲಿ ಭಾರತ ತಂಡದ ಶಿಬಿರ ನಮ್ಮ ಯಲಹಂಕದ ಕಡೆಯ ಆ ಕ್ರೀಡಾಕೇಂದ್ರದಲ್ಲೇ ನಡೆಯಿತು. ಆಡಲು ದೇಶವಿತ್ತು, ಲೀಗಿರಲಿಲ್ಲ. ಹೊಸ ಕೋಚ್ ಖಾಲಿದ್ ಜಮೀಲ್ ಆ ಹುಡುಗರನ್ನು ಕರೆದುಕೊಂಡು ಹೋಗಿ ಮಧ್ಯ ಏಷ್ಯಾದ ಟೂರ್ನಿಯಲ್ಲಿ ಒಮಾನನ್ನು ಸೋಲಿಸಿ ಮೂರನೆಯ ಸ್ಥಾನ ತಂದರು. 2026ರ ಜನವರಿಯಲ್ಲಿ ಸುನಿಲ್ ಛೇತ್ರಿಯಂಥ ಆಟಗಾರರೇ ಫಿಫಾ ಮಧ್ಯಪ್ರವೇಶಿಸಬೇಕೆಂದು ಕೈಮುಗಿದು ಕೇಳಿಕೊಳ್ಳಬೇಕಾಯಿತು. ಫೆಬ್ರವರಿಯಲ್ಲಿ 14 ತಂಡಗಳ ಮೊಟಕಾದ ಲೀಗ್ ಶುರುವಾಯಿತು. ಲೀಗ್ ಉಳಿಯಿತು, ನಿಜ. ನಡುವೆ ಸಂಬಳವಿಲ್ಲದೆ ಕಳೆದ ತಿಂಗಳುಗಳನ್ನು ಯಾವ ಲೆಕ್ಕದಲ್ಲಿ ಬರೆಯುವುದು?

ಇದೇ ಹೊತ್ತಿನಲ್ಲಿ ನಮ್ಮ ಆಪಾ ಫೋನು ಮಾಡಿ ಯಲಹಂಕಕ್ಕೆ ಬರಹೇಳಿದರು. ಅವರ ಮಗ ಎರಡನೆಯ ಪಿಯುಸಿ. ಆರಡಿ ಎರಡಂಗುಲ, ವಾಲಿಬಾಲ್ ಹುಚ್ಚು. ಆ ಅಕ್ಟೋಬರ್ 26ರಂದು ಬೆಂಗಳೂರು ಟಾರ್ಪಿಡೋಸ್ ಹೈದರಾಬಾದಿನಲ್ಲಿ ಮುಂಬೈಯನ್ನು 3-0ಯಿಂದ ಸೋಲಿಸಿ ಪ್ರೈಮ್ ವಾಲಿಬಾಲ್ ಲೀಗ್ ಗೆದ್ದಿತ್ತು. ಫೋನಿನಲ್ಲಿ ಫೈನಲ್ ನೋಡಿದ ಹುಡುಗನಿಗೆ ಅನ್ನ ಸೇರುತ್ತಿರಲಿಲ್ಲ. ಒಂದು ಖಾಸಗಿ ತರಬೇತಿ ಕೇಂದ್ರದವರು, ಕಾಲೇಜು ಬಿಟ್ಟು ಒಂದು ವರ್ಷ ಹಾಸ್ಟೆಲಿನಲ್ಲಿದ್ದರೆ ಲೀಗಿಗೆ ತಯಾರು ಮಾಡುತ್ತೇವೆ ಎಂದು ಹೇಳಿ ಫೀಜಿನ ಪಟ್ಟಿ ಕೊಟ್ಟಿದ್ದರು. ಪಟ್ಟಿ ಆಪಾ ಅವರ ಕೈಯಲ್ಲಿತ್ತು.

‘ಪತ್ರಿಕೆಗೆ ಬರೀತೀಯಲ್ಲ, ನೀನೇ ಹೇಳು. ಈ ಲೀಗ್ ಇರತ್ತಾ, ಹೋಗತ್ತಾ?’ ಎಂದರು ಆಪಾ.

‘ಮಾಮೂ, ಇದು ಹೋಗಲ್ಲ. ನಾಲ್ಕು ಸೀಸನ್ ಆಗಿದೆ’ ಎಂದ ಹುಡುಗ.

ಹುಡುಗ ಹೇಳಿದ್ದರಲ್ಲಿ ತಥ್ಯವಿತ್ತು. 2019ರಲ್ಲಿ ಇದೇ ವಾಲಿಬಾಲಿನ ಲೀಗೊಂದು ಆರು ತಂಡಗಳೊಂದಿಗೆ ಹುಟ್ಟಿ, ಒಕ್ಕೂಟಕ್ಕೂ ಸಂಘಟಕ ಕಂಪನಿಗೂ ಜಗಳವಾಗಿ, ಒಂದೇ ವರ್ಷಕ್ಕೆ ಮುಚ್ಚಿತ್ತು. ಅದೇ ಕಂಪನಿ ಪಾಠ ಕಲಿತು, ತಂಡಗಳ ಮಾಲೀಕರನ್ನೇ ಪಾಲುದಾರರನ್ನಾಗಿ ಮಾಡಿಕೊಂಡು 2022ರಲ್ಲಿ ಹೊಸದಾಗಿ ಶುರು ಮಾಡಿತು. 2023ರಲ್ಲಿ ಫೈನಲ್ ಸೋತ ಟಾರ್ಪಿಡೋಸ್ 2025ರಲ್ಲಿ ಗೆದ್ದಿತು. ನಾಲ್ಕು ಸಲ ನಡೆದ ಲೀಗನ್ನು ನಾಳೆ ಸಾಯುತ್ತದೆ ಎನ್ನಲು ನಾವು ಯಾರು?

ಇಷ್ಟು ಹೊತ್ತು ಸುಮ್ಮನಿದ್ದ ದುಲ್ಹಾಭಾಯಿ ಚಹಾದ ಲೋಟ ಕೆಳಗಿಟ್ಟರು. ‘ಲೀಗ್ ಇರಲಿ ಬಿಡಿ, ನೂರು ವರ್ಷ ಇರಲಿ. ಆಟ ಎಷ್ಟು ದಿನ?’ ಎಂದರು. ಹುಡುಗ, ಮೂರು ವಾರ, ಸ್ವಲ್ಪ ಹೆಚ್ಚು ಎಂದ. ‘ಒಲೆ ಹನ್ನೆರಡು ತಿಂಗಳು ಉರೀಬೇಕಲ್ಲಪ್ಪ’ ಎಂದರು ಅವರು.

ನಾವು ವರ್ಷಗಟ್ಟಲೆ ಓದಿ, ಹತ್ತು ಮಂದಿಯ ಜೊತೆ ವಾದ ಮಾಡಿದ ವಿಷಯವನ್ನು ಅವರು ಒಂದು ಲೋಟ ಚಹಾದಲ್ಲಿ ಮುಗಿಸಿದ್ದರು. ಆದರೂ ನಾವು ಹುಡುಗನ ಕನಸಿಗೆ ನೀರು ಎರಚಲಿಲ್ಲ. ಆ ತಂಡಗಳ ಆಟಗಾರರ ಪಟ್ಟಿ ತೆಗೆದು, ಅವರಲ್ಲಿ ಯಾರು ಯಾರು ಎಲ್ಲಿ ನೌಕರಿಯಲ್ಲಿದ್ದಾರೆ ನೋಡು ಎಂದೆವು. ಒಂದು ಗಂಟೆ ಫೋನು ತಿಕ್ಕಿ ಅವನೇ ಹೇಳಿದ: ರೈಲ್ವೆ, ಸೈನ್ಯ, ಪೆಟ್ರೋಲಿಯಂ ಕಂಪನಿ. ಅಲ್ಲಿಗೆ ಹೋಗುವ ದಾರಿ ಯಾವುದು? ಕಾಲೇಜು ತಂಡ, ವಿಶ್ವವಿದ್ಯಾಲಯದ ತಂಡ, ರಾಜ್ಯ ತಂಡ, ಅದರ ಸರ್ಟಿಫಿಕೇಟು, ಕ್ರೀಡಾ ಕೋಟಾ. ಕಾಲೇಜು ಬಿಟ್ಟರೆ ಏಣಿಯ ಮೊದಲ ಮೆಟ್ಟಿಲನ್ನೇ ಮುರಿದಂತೆ. ಆಪಾ ಫೀಜಿನ ಪಟ್ಟಿಯನ್ನು ಮಡಿಸಿ ಅಕ್ಕಿ ಡಬ್ಬದ ಕೆಳಗಿಟ್ಟರು. ಹರಿಯಲಿಲ್ಲ. ಹುಡುಗ ಕಾಲೇಜು ಬಿಡಲಿಲ್ಲ, ಬೆಳಗಿನ ಅಭ್ಯಾಸವನ್ನೂ ಬಿಡಲಿಲ್ಲ.

ಒಲೆಯ ಜೊತೆಗೆ ಅಂಗಳವೂ ಬೇಕು. ಟಾರ್ಪಿಡೋಸ್ ಪ್ರಶಸ್ತಿ ಗೆದ್ದ ವರ್ಷದ ಎಲ್ಲ ಪಂದ್ಯಗಳೂ ನಡೆದದ್ದು ಹೈದರಾಬಾದಿನಲ್ಲಿ. ಬುಲ್ಸ್ ತಂಡ 2017ರಲ್ಲಿ ತನ್ನ ತವರು ಪಂದ್ಯಗಳನ್ನು ನಾಗಪುರದಲ್ಲಿ ಆಡಿತು; 2024ರಲ್ಲೂ 2025ರಲ್ಲೂ ಪ್ರೊ ಕಬಡ್ಡಿ ಬೆಂಗಳೂರಿಗೆ ಬರಲಿಲ್ಲ. ಊರಿನ ಹೆಸರಿದೆ, ಊರಿಲ್ಲ. ಖರ್ಚು ಉಳಿಸಲು ಹೀಗೆ ಮಾಡುತ್ತಾರೆ, ಅರ್ಥವಾಗುತ್ತದೆ. ಆದರೆ ಟಿಕೆಟು ಕೊಂಡು, ಕಡಲೆಕಾಯಿ ಸಿಪ್ಪೆ ಚೆಲ್ಲಿ, ಗಂಟಲು ಕಟ್ಟುವಂತೆ ಕೂಗಿದ ನೆನಪಿಲ್ಲದವರು ಆ ತಂಡ ಹೋದ ದಿನ ಅಳುವುದಿಲ್ಲ. ಮಕ್ಕಳಿಗೂ ಅಂಗಳ ಕಿರಿದಾಗುತ್ತಿದೆ. ಹೆಬ್ಬಾಳದಿಂದ ಥಣಿಸಂದ್ರದವರೆಗೆ ಹಸಿರು ಬಲೆ ಕಟ್ಟಿದ ಟರ್ಫುಗಳು ಎದ್ದಿವೆ, ಗಂಟೆಗೆ ಸಾವಿರದ ಮೇಲೆ ಬಾಡಿಗೆ. ನಮ್ಮ ಕಡೆಯ ಎಚ್‌ಎಂಟಿ ಬಡಾವಣೆಯ ಮೈದಾನದಂಥ ಬಯಲಿನಲ್ಲಿ ಒಂದೇ ಹೊತ್ತಿಗೆ ನಾಲ್ಕು ಕ್ರಿಕೆಟ್ ಪಂದ್ಯ, ನಡುವೆ ಒಂದು ಫುಟ್ಬಾಲ್. ಯಾರ ಚೆಂಡು ಯಾರದೆಂದು ದೇವರೇ ಬಲ್ಲ. ಆದರೂ ಅಲ್ಲಿ ಯಾರೂ ಹಣ ಕೇಳುವುದಿಲ್ಲ.

ಅಂಗಳ ಗಟ್ಟಿಯಿದ್ದರೆ ಪೇಟೆಯ ಹಂಗಿಲ್ಲದೆಯೂ ಟೂರ್ನಿ ಬೆಳೆಯುತ್ತದೆ ಎನ್ನಲು ದೂರ ಹೋಗಬೇಕಿಲ್ಲ. ಕೊಡಗಿನಲ್ಲಿ 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಶುರು ಮಾಡಿದ ಕೌಟುಂಬಿಕ ಹಾಕಿ ಹಬ್ಬದಲ್ಲಿ ಮೊದಲ ವರ್ಷ 60 ಕುಟುಂಬಗಳು ಆಡಿದವು. 2024ರಲ್ಲಿ ನಾಪೋಕ್ಲುವಿನಲ್ಲಿ 360 ಕುಟುಂಬಗಳು ಆಡಿ ಗಿನ್ನೆಸ್ ದಾಖಲೆಯಾಯಿತು. ಅಲ್ಲಿ ತಂಡವನ್ನು ಯಾರೂ ಹರಾಜಿನಲ್ಲಿ ಕೊಳ್ಳುವುದಿಲ್ಲ. ಪ್ರತಿವರ್ಷ ಒಂದೊಂದು ಮನೆತನ ಹೊಣೆ ಹೊರುತ್ತದೆ. ಪ್ರಾಯೋಜಕ ಬಂದರೆ ಸಂತೋಷ, ಬರದಿದ್ದರೂ ಮನೆತನ ಇದ್ದೇ ಇರುತ್ತದೆ. ನಮ್ಮ ಬೆಂಗಳೂರಿನ ಫುಟ್ಬಾಲಿಗೂ ಇಂಥ ಬೇರುಗಳಿದ್ದವು. ಇಲ್ಲೇ ಹುಟ್ಟಿದ ಅಹ್ಮದ್ ಖಾನ್ 1948 ಮತ್ತು 1952ರ ಒಲಿಂಪಿಕ್ಸ್ ಆಡಿದವರು; ಹೆಸರು ಮಾಡಲು ಕೋಲ್ಕತ್ತದ ಈಸ್ಟ್ ಬೆಂಗಾಲಿಗೆ ಹೋಗಬೇಕಾಯಿತು. 2023ರ ಮಾರ್ಚಿನಲ್ಲಿ ಕರ್ನಾಟಕ ತಂಡ ರಿಯಾದಿನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ 54 ವರ್ಷಗಳ ನಂತರ ಸಂತೋಷ್ ಟ್ರೋಫಿ ತಂದಿತು. ಆ ಹುಡುಗರಲ್ಲಿ ಎಷ್ಟು ಮಂದಿಯ ಹೆಸರು ನಮಗೆ ಗೊತ್ತು?

ಆದ್ದರಿಂದ ಹೊಸ ಲೀಗುಗಳು ಉಳಿಯುತ್ತವೆಯೇ ಎಂದು ಕೇಳುವವರಿಗೆ ನಮ್ಮ ಉತ್ತರ ಇಷ್ಟೇ. ಕೆಲವು ಉಳಿಯುತ್ತವೆ, ಹೆಚ್ಚಿನವು ಅಳಿಯುತ್ತವೆ. ಉಳಿಯುವವು ಕ್ರಿಕೆಟ್ಟಿನ ಜನರನ್ನು ಕದ್ದು ಉಳಿಯುವುದಿಲ್ಲ, ಮೊದಲೇ ಆಡುತ್ತಿದ್ದ ಜನರ ಮೇಲೆ ನಿಂತು ಉಳಿಯುತ್ತವೆ. ಒಂದು ಲೀಗ್ ನಮ್ಮೂರಿಗೆ ಬಂದಾಗ ತಾರೆಯರ ಹೆಸರು ಕೇಳುವ ಮೊದಲು ಮೂರು ವಿಷಯ ಕೇಳೋಣ. ಉಳಿದ ತಿಂಗಳುಗಳಲ್ಲಿ ಆಟಗಾರನಿಗೆ ಅನ್ನ ಕೊಡುವವರು ಯಾರು? ನಮ್ಮೂರಿನ ತಂಡ ನಮ್ಮೂರಿನಲ್ಲಿ ಆಡುತ್ತದೆಯೇ? ಮಾಲೀಕ ಎದ್ದು ಹೋದರೆ ಬಾಗಿಲು ತೆರೆದಿಡಲು ಒಕ್ಕೂಟವೋ ಸರಕಾರವೋ ಇದೆಯೇ? ಸರಕಾರವನ್ನೂ ಬಿಡುವಂತಿಲ್ಲ. ಗೆದ್ದ ದಿನ ಶಾಲು ಹೊದಿಸಿ ಫೋಟೋಕ್ಕೆ ನಿಲ್ಲುವವರು ಕ್ರೀಡಾ ಕೋಟಾದ ಹುದ್ದೆಗಳನ್ನು ಕಾಲಕ್ಕೆ ಸರಿಯಾಗಿ ತುಂಬಲಿ, ಇರುವ ಬಯಲುಗಳಿಗೆ ಬೇಲಿ ಹಾಕದಿರಲಿ. ಪೇಟೆ ತನ್ನ ಲೆಕ್ಕವನ್ನು ತಾನು ನೋಡಿಕೊಳ್ಳುತ್ತದೆ. ಮೊಣಕಾಲು ಹೋದ ಮೂವತ್ತೆರಡರ ಹುಡುಗನ ಲೆಕ್ಕವನ್ನು ಯಾರು ಇಡುತ್ತಾರೆ ಎನ್ನುವುದನ್ನು ನಾವು, ನೋಡುವ ಜನ, ಕೇಳುತ್ತಿರಬೇಕು.